ಸುಣ್ಣಕ್ಕೆ ಕೆಂಪಾಗದ ಅರಿಷಿಣ

ನಮ್ಮ ಮನೆಯಲ್ಲಿ ಬಟ್ಟೆ ಒಗೆದ ನೀರು ಕೆಂಪಗೆ ಹರಿಯುತ್ತಿತ್ತು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅವ್ವ ಅಪ್ಪನ ಧೋತರಕ್ಕೋ ನನ್ನ ಲಂಗಕ್ಕೋ ಸಬಕಾರ ತಿಕ್ಕಿದಳೆಂದರೆ ಸಾಕು, ಹಳದಿ ಕಲೆಗಳೆಲ್ಲ ಗಾಯ ಬಿಚ್ಚಿಕೊಂಡಂತೆ ಕೆಂಪೇರುತ್ತಿದ್ದವು. ಎರಡು ಕೊಡ ನೀರು ಸುರಿದು ಹಿಂಡಿದರೆ ಮತ್ತೆ ಹಳದಿ. ನಮ್ಮ ಕಾಕು, ಅಂದರೆ ಅಪ್ಪನ ತಮ್ಮನ ಹೆಂಡತಿ, ಮದುವೆಯಾಗಿ ರಾಮದುರ್ಗದಿಂದ ಬಂದ ಹೊಸದರಲ್ಲಿ ಆ ನೀರು ನೋಡಿ ಯಾರಿಗೋ ಪೆಟ್ಟಾಗಿ ರಕ್ತ ಹರಿದಿದೆ ಎಂದು ಕೂಗಿಕೊಂಡಿದ್ದಳಂತೆ. ಆಮೇಲೆ ಅವಳಿಗೂ ರೂಢಿಯಾಯಿತು. ಅರಿಷಿಣ ನಮ್ಮ ಮನೆಯ ಕಸುಬು. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಹಣೆಗೆ ಹಚ್ಚಿಕೊಳ್ಳಲು, ದೇವಿಗೆ ಏರಿಸಲು ಒಯ್ಯುವ ಅರಿಷಿಣದ ಪುಡಿಗೆ ನಮ್ಮಲ್ಲಿ ಭಂಡಾರ ಎನ್ನುತ್ತಾರೆ. ಸವದತ್ತಿಯ ನಮ್ಮ ಓಣಿಯಲ್ಲಿ ರಸ್ತೆಗೆ ಮುಖ ಮಾಡಿದ ಪಡಸಾಲೆಯೇ ಅಂಗಡಿ, ಅದರ ಹಿಂದೆ ನಡುಮನೆ, ದೇವರ ಜಗಲಿ, ಅಡುಗೆಮನೆ, ಕೊನೆಗೆ ಹಿತ್ತಲು. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ, ಈರಣ್ಣ ಕಾಕಾ ಅಂಗಡಿ ನೋಡುತ್ತಿದ್ದ. ಗೋಡೆ, ಬಾಗಿಲ ಚಿಲಕ, ನನ್ನ ಪಾಟಿಚೀಲ, ಬೆಕ್ಕಿನ ಕಿವಿ, ಎಲ್ಲದಕ್ಕೂ ಹಳದಿ ಧೂಳು. ಶಾಲೆಯಲ್ಲಿ ಯಾರಾದರೂ ನನ್ನ ಪುಸ್ತಕ ಎರವಲು ಒಯ್ದರೆ ಮೊದಲು ಮೂಸಿ ನೋಡುತ್ತಿದ್ದರು.

ಮೊದಲೆಲ್ಲ ಭಂಡಾರ ಮನೆಯಲ್ಲೇ ಆಗುತ್ತಿತ್ತು. ಆಯಿ, ಅಪ್ಪನ ತಾಯಿ, ಸಾಂಗ್ಲಿ ಕಡೆಯಿಂದ ತರಿಸಿದ ಅರಿಷಿಣದ ಕೊಂಬುಗಳನ್ನು ಒರಳಿಗೆ ಹಾಕಿ, ಓಣಿಯ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು, ಹಾಡುತ್ತ ಬೈಯುತ್ತ ಕುಟ್ಟುತ್ತಿದ್ದಳು. ನನಗೆ ಮಾತು ಬಂದದ್ದೇ ಆ ಒರಳಿನ ಸುತ್ತ ಎನ್ನಬೇಕು. ಒಬ್ಬಳು ಒಡಪು ಹೇಳಿದರೆ ಇನ್ನೊಬ್ಬಳು ಅದಕ್ಕೆ ಬಾಲ ಕಟ್ಟುತ್ತಿದ್ದಳು, ಒನಕೆ ಬಿದ್ದ ಹೊತ್ತಿಗೆ ಸರಿಯಾಗಿ ಮಾತು ಬೀಳಬೇಕು. ಆಯಿಯ ಮೊಣಕಾಲು ಹಿಡಿದುಕೊಂಡ ಮೇಲೆ ಒರಳು ಸುಮ್ಮನಾಯಿತು. ಗಿರಣಿಯಲ್ಲಿ ಬೀಸಿಸಿಕೊಂಡು ಬರುತ್ತೇನೆ ಎಂದು ಕಾಕಾ ಚೀಲಗಟ್ಟಲೆ ಪುಡಿ ತರತೊಡಗಿದ. ಆ ಪುಡಿ ಬಿಸಿಲಿಗೆ ಹಿಡಿದರೆ ಕಣ್ಣಿಗೆ ಬಡಿಯುವಷ್ಟು ಹಳದಿ. ಆಯಿ ಮಾತ್ರ ಮನೆಖರ್ಚಿಗೆಂದು ವರ್ಷಕ್ಕೊಮ್ಮೆ ನಾಲ್ಕು ಸೇರು ಕುಟ್ಟಿಸಿ, ಹಿತ್ತಾಳೆಯ ಡಬ್ಬಿಯಲ್ಲಿ ತುಂಬಿ, ಅಡುಗೆಮನೆಯ ಮೇಲಿನ ಹಲಗೆಗೆ ಇಡುತ್ತಿದ್ದಳು. ಅದರ ಬಣ್ಣ ಸ್ವಲ್ಪ ಮಂಕು, ವಾಸನೆ ಮಾತ್ರ ನಡುಮನೆಯವರೆಗೆ ಬರುತ್ತಿತ್ತು. ಆ ಡಬ್ಬಿಯನ್ನು ಅವಳನ್ನು ಕೇಳದೆ ಯಾರೂ ಮುಟ್ಟುವಂತಿರಲಿಲ್ಲ.

ಒಂಬತ್ತನೆಯ ಇಯತ್ತೆಯಲ್ಲಿ ನನಗೆ ರಸಾಯನಶಾಸ್ತ್ರ ಬಂತು. ಉಳಿದವರಿಗೆ ಅದು ಬಾಯಿಪಾಠ. ನನಗೆ ಹಾಗಾಗಲಿಲ್ಲ. ಆಮ್ಲ ಹುಳಿಯಾಗಿರುತ್ತದೆ, ಪ್ರತ್ಯಾಮ್ಲ ಕಹಿಯಾಗಿರುತ್ತದೆ, ಮುಟ್ಟಿದರೆ ಜಾರುತ್ತದೆ ಎಂದು ಸರ್ ಹಲಗೆಯ ಮೇಲೆ ಬರೆದ ದಿನ ನಾನು ಮನೆಗೆ ಬಂದು ಅಡುಗೆಮನೆಯನ್ನು ಎರಡು ಪಾಲು ಮಾಡಿಬಿಟ್ಟೆ. ಹುಣಸೆಹಣ್ಣು, ಮಜ್ಜಿಗೆ, ಅವ್ವನ ಪುಂಡಿಪಲ್ಯ ಈ ಕಡೆ. ಆಯಿಯ ಎಲೆಅಡಿಕೆ ಚೀಲದ ಸುಣ್ಣ, ಸಬಕಾರ, ಪಾತ್ರೆ ತಿಕ್ಕುವ ಬೂದಿ, ಭಜಿಗೆ ಹಾಕುವ ಸೋಡಾ ಆ ಕಡೆ. ಕೆಂಪಿರುವೆ ಕಚ್ಚಿದರೆ ಆಯಿ ಸುಣ್ಣ ಹಚ್ಚುತ್ತಿದ್ದಳಲ್ಲ, ಅದಕ್ಕೆ ತಟಸ್ಥೀಕರಣ ಎಂಬಷ್ಟು ದೊಡ್ಡ ಹೆಸರಿದೆ ಎಂದು ಗೊತ್ತಾದಾಗ ನನಗೆ ಹಿಡಿಸಲಾರದಷ್ಟು ಹಿಗ್ಗು. ಆಯಿಗೆ ಹೇಳಿದೆ.

"ಹೆಸರ ಇಟ್ಟಾರಲ್ಲ, ಚಲೋ ಆತು. ಇರುವಿ ಕಚ್ಚೂದು ಬಿಟ್ಟಾವೇನು?" ಅಂದಳು ಆಯಿ.

ಮರುದಿನ ಸರ್ ಸೂಚಕಗಳ ಪಾಠ ತೆಗೆದರು. ಆಮ್ಲವೋ ಪ್ರತ್ಯಾಮ್ಲವೋ ಎಂಬುದನ್ನು ಬಣ್ಣ ಬದಲಿಸಿ ತೋರಿಸುವ ವಸ್ತು ಸೂಚಕ. ಅರಿಷಿಣ ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ, ಆಮ್ಲದಲ್ಲಿ ಹಳದಿಯಾಗಿಯೇ ಉಳಿಯುತ್ತದೆ. ಅವರು ಅಷ್ಟು ಹೇಳುವುದೇ ತಡ, ನಾನು ಎದ್ದು ನಿಂತು ನಮ್ಮ ಮನೆಯ ಕೆಂಪು ನೀರಿನ ಕತೆ ಒಂದೇ ಉಸುರಿಗೆ ಹೇಳಿದೆ. ಸರ್ ಅಪರೂಪಕ್ಕೆ ನಕ್ಕರು. ಶಾಲೆಯ ಕಪಾಟಿನಲ್ಲಿದ್ದ ಲಿಟ್ಮಸ್ ಕಾಗದ ಹಳೆಯದಾಗಿ, ಯಾವುದು ನೀಲಿ ಯಾವುದು ಕೆಂಪು ತಿಳಿಯದಂತೆ ಎಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು.

"ಶಾರದಾ, ನಾಳೆ ಅರಿಷಿಣದ ಕಾಗದಾ ನೀನ ಮಾಡಕೊಂಡು ಬಾ. ಎಲ್ಲಾರಿಗೂ ನೀನ ತೋರಸಬೇಕು."

ಆ ಸಂಜೆ ನಾನು ನೆಲದ ಮೇಲೆ ನಡೆದಿದ್ದೇನೋ ಇಲ್ಲವೋ ನೆನಪಿಲ್ಲ. ಆಯಿಯ ಡಬ್ಬಿ ಕೇಳಿದೆ. ಅಷ್ಟು ಕಾಗದಕ್ಕೆ ನನ್ನ ಅರಿಷಿಣ ಯಾಕೆ ದಂಡ ಮಾಡುತ್ತೀ, ಅಂಗಡಿಯದು ತಗೋ, ರಗಡ ಬಿದ್ದಿದೆ ಎಂದಳು. ಕಾಕಾ ಇಲ್ಲದ ಹೊತ್ತಿನಲ್ಲಿ ಚೀಲದಿಂದ ಒಂದು ಬೊಗಸೆ ತೆಗೆದು ನೀರಲ್ಲಿ ಕಲಸಿ, ಹಳೆಯ ನೋಟುಬುಕ್ಕಿನ ಖಾಲಿ ಹಾಳೆ ಕತ್ತರಿಸಿ ಅದ್ದಿ, ಬಟ್ಟೆ ಒಣಗಿಸುವ ಹಗ್ಗದ ಮೇಲೆ ಸಾಲಾಗಿ ಹಾಕಿದೆ. ನಲವತ್ತು ಪಟ್ಟಿ. ಹೊಳೆಯುವ ಹಳದಿ. ತರಗತಿಯ ಪ್ರತಿಯೊಬ್ಬರಿಗೂ ಒಂದೊಂದು ಬಂದು ಮಿಗುವಷ್ಟು.

ಮರುದಿನ ಮೇಜಿನ ಮೇಲೆ ಎರಡು ಶೀಸೆ. ಒಂದರಲ್ಲಿ ಸುಣ್ಣದ ತಿಳಿನೀರು, ಇನ್ನೊಂದರಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ನಾನು ಎಲ್ಲರ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ಸುಣ್ಣದ ನೀರಿನ ಹನಿ ಬಿಟ್ಟೆ. ಕಾಗದ ಹಳದಿ. ಇನ್ನೊಂದು ಹನಿ. ಹಳದಿ. ಯಾರೋ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ಸರ್ ಆಮ್ಲದ ಹನಿ ಬಿಡು ಎಂದರು. ಬಿಟ್ಟೆ. ಕಾಗದ ಗುಲಾಬಿಯಾಗಿ, ನೋಡನೋಡುತ್ತ ಕಡುಕೆಂಪಾಯಿತು. ಇಡೀ ತರಗತಿ ಹೋ ಎಂದಿತು. ಪುಸ್ತಕದಲ್ಲಿದ್ದದ್ದಕ್ಕೆ ತೀರಾ ತಿರುವುಮುರುವು. ಸರ್ ತಾವೇ ಇನ್ನೊಂದು ಪಟ್ಟಿ ತೆಗೆದುಕೊಂಡು ಮಾಡಿದರು, ಅದೂ ಹಾಗೆಯೇ. ಅವರ ಮುಖ ಗಂಟಿಕ್ಕಿತು.

"ಶೀಸೆ ಅದಲಬದಲ ಆಗ್ಯಾವ. ಯಾರ ಮುಟ್ಟಿದ್ರಿ ಇವನ್ನ? ಇರಲಿ, ಎಲ್ಲಾರೂ ಪುಸ್ತಕದಾಗ ಇದ್ದಂಗ ಬರಕೊಳ್ರಿ."

"ಇಲ್ರಿ ಸರ್, ಇದು ಸುಣ್ಣದ ನೀರ ಐತ್ರಿ. ತಳಕ್ಕ ಬೆಳ್ಳಗ ಕುಂತೈತಿ ನೋಡ್ರಿ, ನಮ್ಮ ಆಯಿ ಸುಣ್ಣದ ಡಬ್ಬಿಯಾಗ ಕುಂತಂಗ."

"ನಿಮ್ಮ ಆಯೀನ ಕರಕೊಂಡು ಬಂದು ಪಾಠಾ ಮಾಡಸೂಣೇನು?"

ಎಲ್ಲರೂ ನಕ್ಕರು. ಆಮೇಲೆ ತಲೆ ಬಗ್ಗಿಸಿ, ಕಣ್ಣೆದುರು ಕಾಣದೇ ಇದ್ದದ್ದನ್ನು ಪ್ರಯೋಗದ ವಹಿಯಲ್ಲಿ ಬರೆದರು. ನಾನು ಕಂಡದ್ದನ್ನು ಬರೆದೆ. ಸಂಜೆ ವಹಿ ಮರಳಿ ಬಂದಾಗ ಆ ಎರಡು ಸಾಲಿನ ಮೇಲೆ ಕೆಂಪು ಶಾಯಿಯ ಗೀಟು, ಪಕ್ಕದಲ್ಲಿ ಒಂದೇ ಮಾತು: ಸುಳ್ಳು. ತಪ್ಪು ಎಂದು ಬರೆದಿದ್ದರೆ ಇಷ್ಟು ವರ್ಷ ನಾನು ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ. ತಪ್ಪು ಎಲ್ಲರೂ ಮಾಡುತ್ತಾರೆ. ಸುಳ್ಳು ಹೇಳುವವಳು ಬೇರೆ.

ಮನೆಗೆ ಬಂದವಳೇ ಅಂಗಡಿಗೆ ಹೋಗಿ ಕಾಕಾನ ಮುಂದೆ ವಹಿ ಹಿಡಿದೆ. ಅವನು ಮೊದಲು ನಕ್ಕ, ನಿಮ್ಮ ಸರ್‌ಗೇ ಬರುವುದಿಲ್ಲ ಬಿಡು ಎಂದ. ನಾನು ಆಯಿಯ ಸುಣ್ಣದ ಡಬ್ಬಿ ತಂದು, ಚೀಲದ ಪುಡಿಗೆ ಹಚ್ಚಿ ನೋಡೋಣ ಎಂದೆ. ಅವನ ನಗು ಅಲ್ಲೇ ನಿಂತಿತು. ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡ.

"ದೇವೀಗೆ ಏರಸೂ ಭಂಡಾರಕ್ಕ ಸುಣ್ಣಾ ಹಚ್ಚತಿಯೇನ? ಸಾಲಿಗೆ ಹೋಗಿ ಇದನ್ನ ಕಲತೇನು? ವೈನಿ, ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳ್ರಿ!"

ಅವ್ವ ಬಂದು ರಟ್ಟೆ ಹಿಡಿದು ನನ್ನನ್ನು ಒಳಗೆ ಎಳೆದೊಯ್ದಳು. ಕಾಕಾ ಕೆಟ್ಟವನಾಗಿದ್ದರೆ ನನ್ನ ಸಿಟ್ಟಿಗೆ ಅನುಕೂಲವಾಗುತ್ತಿತ್ತು. ಅವನು ಹಾಗಿರಲಿಲ್ಲ. ಬೈಲಹೊಂಗಲದ ಸಂತೆಗೆ ಹೋದರೆ ನನಗೆ ರಿಬ್ಬನ್ನು ತರದೆ ಬರುತ್ತಿರಲಿಲ್ಲ. ಜ್ವರ ಬಂದಾಗ ನನ್ನನ್ನು ಸೈಕಲ್ಲಿನ ಮೇಲೆ ಕೂಡಿಸಿಕೊಂಡು ದವಾಖಾನೆಗೆ ಓಡಿದವನು. ಅವನು ನನ್ನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಅದಕ್ಕೇ ನನಗೆ ಗುಮಾನಿ ಹುಟ್ಟಿತು. ಮರುದಿನ ಆಯಿ ಮಲಗಿದ ಮಧ್ಯಾಹ್ನ, ಮೇಲಿನ ಹಲಗೆಯ ಡಬ್ಬಿಯಿಂದ ಒಂದು ಚಿಟಿಕೆ, ಅಂಗಡಿಯ ಚೀಲದಿಂದ ಒಂದು ಚಿಟಿಕೆ ಎರಡು ಅಂಗೈಯಲ್ಲಿಟ್ಟುಕೊಂಡು, ನೀರು ಚಿಮುಕಿಸಿ, ಸುಣ್ಣ ತಿಕ್ಕಿದೆ. ಆಯಿಯ ಅರಿಷಿಣವಿದ್ದ ಎಡಗೈ ಕುಂಕುಮದಂತೆ ಕೆಂಪಾಯಿತು. ಬಲಗೈ ಹಳದಿಯಾಗಿಯೇ ಇತ್ತು. ಎರಡೂ ಕೈ ಚಾಚಿಕೊಂಡು ಹಿತ್ತಲಿಗೆ ಓಡಿ ಅವ್ವನಿಗೆ ತೋರಿಸಿದೆ. ಅವಳು ಬಟ್ಟೆ ಒಗೆಯುತ್ತಿದ್ದಳು. ನನ್ನ ಕೈ ನೋಡಿದಳು, ಬಾಗಿಲ ಕಡೆ ನೋಡಿದಳು, ಸೆರಗಿನಿಂದ ನನ್ನ ಎರಡೂ ಅಂಗೈ ಒರೆಸಿಬಿಟ್ಟಳು.

"ಯಾರಿಗೂ ತೋರಸಬ್ಯಾಡ."

"ನಿನಗ ಗೊತ್ತಿತ್ತೇನವಾ?"

ಅವ್ವ ಒಗೆಯುವ ಕಲ್ಲಿನ ಕಡೆ ಕಣ್ಣು ಮಾಡಿದಳು. ಕಾಕಾನ ಅಂಗಡಿಯ ಅಂಗಿಗೆ ಸಬಕಾರ ಹಚ್ಚಿತ್ತು. ಕಲ್ಲಿನಿಂದ ಇಳಿಯುತ್ತಿದ್ದ ನೀರು ಬರೀ ಹಳದಿ.

"ಎರಡ ವರ್ಷಾತು, ಆ ಅಂಗಿ ನೀರು ಕೆಂಪ ಇಳದಿಲ್ಲ. ಒಗಿಯಾಕಿಗೆ ಗೊತ್ತಾಗಂಗಿಲ್ಲೇನು? ಬಾಯಿ ಬಿಟ್ರ ಮನಿ ಒಡೀತೈತಿ, ಶಾರೀ. ಸುಮ್ಮಿರು."

ಇದಕ್ಕಿಂತ ಹೊಟ್ಟೆ ಉರಿಯುವ ಸಂಗತಿ ನನಗೆ ಆ ವಯಸ್ಸಿನಲ್ಲಿ ಬೇರೆ ಇರಲಿಲ್ಲ. ಸರ್ ಕಂಡೂ ಕಾಣದಂತೆ ಮಾಡಿದರು, ಅವರಿಗೆ ಪಾಠ ಮುಗಿಸುವ ಅವಸರ. ಕಾಕಾ ಮುಚ್ಚಿಟ್ಟ, ಅವನಿಗೆ ಅಂಗಡಿಯ ಚಿಂತೆ. ಆದರೆ ಅವ್ವ! ನನಗೆ ಪುಸ್ತಕದಿಂದ ಬಂದ ವಿದ್ಯೆ ಅವಳಿಗೆ ಕೈಯಿಂದಲೇ ಬಂದಿತ್ತು. ಎರಡು ವರ್ಷ ದಿನಾ ಬೆಳಿಗ್ಗೆ ಆ ಪ್ರಯೋಗ ಮಾಡಿ, ಉತ್ತರ ನೋಡಿ, ಗಟಾರಕ್ಕೆ ಹರಿಬಿಟ್ಟಿದ್ದಳು. ನಾನು ಮೂರು ದಿನ ಅವಳ ಕೈಯ ರೊಟ್ಟಿ ತಿನ್ನಲಿಲ್ಲ. ನಾಲ್ಕನೆಯ ದಿನ ಹಸಿವೆ ತಡೆಯದೆ ತಿಂದೆ, ಅದಕ್ಕೂ ಸಿಟ್ಟು ಬಂತು.

ಅದೇ ವಾರ ಕಾಕು ಬಾಣಂತನ ಮುಗಿಸಿ ರಾಮದುರ್ಗದ ತವರಿನಿಂದ ಕೂಸಿನೊಂದಿಗೆ ಮರಳುವುದಿತ್ತು. ಹೀಗೆ ಮೊದಲ ಸಲ ಬರುವ ಕೂಸನ್ನು ಹೊಸ್ತಿಲಲ್ಲೇ ನಿಲ್ಲಿಸಿ ಆರತಿ ಮಾಡಿ ಒಳಗೆ ಕರೆದುಕೊಳ್ಳಬೇಕು. ದೀಪದ ಆರತಿ ಆದ ಮೇಲೆ ಕೆಂಪು ನೀರಿನ ಆರತಿ. ತಾಟಿನಲ್ಲಿ ಅರಿಷಿಣದ ನೀರು ಕಲಸಿ, ಅದಕ್ಕೆ ಚೂರು ಸುಣ್ಣ ತಿಕ್ಕಿದರೆ ನೀರು ಕೆಂಪಾಗುತ್ತದೆ. ಬಾಣಂತಿಗೂ ಕೂಸಿಗೂ ಮೂರು ಸುತ್ತು ನಿವಾಳಿಸಿ, ಹಣೆಗೆ ಹಚ್ಚಿ, ರಸ್ತೆಗೆ ಚೆಲ್ಲಬೇಕು. ಹಳದಿ ಹೋಗಿ ಕೆಂಪು ಬಂತೆಂದರೆ ದೃಷ್ಟಿಯೆಲ್ಲ ಆ ನೀರಿಗೆ ಇಳಿಯಿತು ಎಂದು ಆಯಿ ಹೇಳುತ್ತಿದ್ದಳು. ಟೆಂಪೋ ಬಂದು ನಿಂತಿತು. ಓಣಿಯ ಹೆಂಗಸರು ಸೇರಿದರು. ಆಯಿ ತಾಟು ಹಿಡಿದು ಹೊಸ್ತಿಲಿಗೆ ಬಂದು ಕೂಗಿದಳು.

"ಶಾರೀ, ಲಗೂ ಅರಿಷಿಣ ತಾರವಾ!"

ಏನೂ ತಿಳಿಯದೆ ಮಾಡಿದೆ ಎಂದು ಇಲ್ಲಿ ಬರೆದರೆ ಸರ್ ಬರೆದ ಮಾತು ನಿಜವಾಗುತ್ತದೆ. ಅಡುಗೆಮನೆಯ ಹಲಗೆಯ ಕೆಳಗೆ ನಾನು ನಿಂತಿದ್ದೆ. ಕೈ ಎತ್ತಿದರೆ ಆಯಿಯ ಡಬ್ಬಿ ಸಿಗುತ್ತಿತ್ತು. ನಾನು ಎತ್ತಲಿಲ್ಲ. ಪಡಸಾಲೆಗೆ ಹೋಗಿ ಕಾಕಾನ ಚೀಲದಿಂದ ಹಿಡಿ ತುಂಬ ತಂದು ತಾಟಿಗೆ ಹಾಕಿದೆ. ಎಲ್ಲರೂ ನೋಡಲಿ, ಒಬ್ಬರಾದರೂ ನಂಬಲಿ ಎಂಬುದೊಂದೇ ತಲೆಯಲ್ಲಿತ್ತು.

ಆಯಿ ಸುಣ್ಣ ತಿಕ್ಕಿದಳು. ನೀರು ಹಳದಿ. ಇನ್ನಷ್ಟು ತಿಕ್ಕಿದಳು. ಹಳದಿ. ಮೂರನೆಯ ಸಲ ಸುಣ್ಣದ ಡಬ್ಬಿಯನ್ನೇ ಕೆರೆದು ಹಾಕಿದಳು. ನೀರು ಸ್ವಲ್ಪ ಬೆಳ್ಳಗಾಯಿತೇ ಹೊರತು ಕೆಂಪಿನ ಸುಳಿವಿಲ್ಲ. ಹೆಂಗಸರ ಗುಜುಗುಜು ಶುರುವಾಯಿತು.

"ಯವ್ವಾ, ಕೂಸಿಗೆ ಭಾಳ ದೃಷ್ಟಿ ತಾಗೈತಿ. ನೀರಿಗೂ ಇಳೀವಲ್ತು ನೋಡ."

ಕಾಕು ಬಿಸಿಲಿನಲ್ಲಿ ನಿಂತವಳು ಕೂಸನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಸೂಚಕ, ಆಮ್ಲ, ಪ್ರತ್ಯಾಮ್ಲ ಎಲ್ಲ ಇತ್ತು, ಮೂರು ತಿಂಗಳ ಕೂಸಿನ ತಾಯಿ ಆ ಹಳದಿ ನೀರಿನಲ್ಲಿ ಏನು ಓದಿಕೊಳ್ಳುತ್ತಾಳೆ ಎಂಬುದು ಇರಲಿಲ್ಲ. ನನ್ನ ಬಾಯಿಂದ ಮಾತು ತಾನೇ ಹೊರಬಿತ್ತು.

"ಕಾಕು, ಅಳಬ್ಯಾಡ. ದೃಷ್ಟಿ ಅಲ್ಲ ಅದು. ಆಯಿ, ಅದು ಅರಿಷಿಣಾನ ಅಲ್ಲ."

"ಮುಚ್ಚ ಬಾಯಿ!" ಎಂದ ಕಾಕಾ ಮೆಟ್ಟಿಲ ಮೇಲಿಂದ.

ಆಯಿ ಯಾರ ಕಡೆಯೂ ನೋಡಲಿಲ್ಲ. ನನ್ನ ಅಂಗೈಗೆ ಅಂಟಿಕೊಂಡಿದ್ದ ಒಣಪುಡಿಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡಳು. ಐವತ್ತು ವರ್ಷ ಅರಿಷಿಣ ಕುಟ್ಟಿದ ನಾಲಿಗೆ ಅದು. ಕಣ್ಣು ಮುಚ್ಚಿ, ಒಂದು ಗಳಿಗೆ ನಿಂತು, ಉಗುಳಿದಳು.

"ಗೋವಿನಜೋಳದ ಹಿಟ್ಟ ಐತಿ ಇದು." ಸಣ್ಣ ದನಿಯಲ್ಲಿ ಹೇಳಿದಳು, ಆದರೆ ಓಣಿಗೆಲ್ಲ ಕೇಳಿತು. "ಶಾರೀ, ನನ್ನ ಡಬ್ಬಿ ತಾ."

ಎರಡನೆಯ ತಾಟಿಗೆ ಸುಣ್ಣ ಮುಟ್ಟಿಸಿದ್ದೇ ತಡ, ನೀರು ಕೆಂಪಾಯಿತು. ಆಯಿ ಮೂರು ಸುತ್ತು ನಿವಾಳಿಸಿ, ಕಾಕುವಿನ ಹಣೆಗೆ, ಕೂಸಿನ ಹಣೆಗೆ, ಅಂಗಾಲಿಗೆ ಹಚ್ಚಿ, ಒಳಗೆ ಕರೆದುಕೊಂಡಳು. ಬಂದವರಿಗೆಲ್ಲ ಶಿರಾ ಕೊಟ್ಟು ಕಳಿಸಿದಳು. ಎಲ್ಲರೂ ಹೋದ ಮೇಲೆ ನಡುಮನೆಯಲ್ಲಿ ಕೂತು ಕಾಕಾನನ್ನು ಕರೆದಳು.

"ಈರ್ಯಾ, ನಿನ್ನ ಮಗನ ಹಣೀಗೆ ಹಚ್ಚಾಕ ನನ್ನ ಡಬ್ಬಿ ಬೇಕಾತು. ಮಂದಿ ಮಕ್ಕಳ ಹಣೀಗೆ?"

"ಮಂದೀಗೆ ಹೊಳಪ ಬೇಕವಾ. ನೀ ಕುಟ್ಟಿದ್ದು ಮಣ್ಣ ಕಂಡಂಗ ಕಾಣತೈತಿ, ಯಾರೂ ಮುಟ್ಟಂಗಿಲ್ಲ. ಬಣ್ಣಾ ಹಾಕಿದ್ರ ಬಂದು ಬಂದು ಒಯ್ತಾರ. ನಾ ಏನ ಮಾಡ್ಲಿ?"

"ಮಣ್ಣ ಮಾರತೇನಿ ಅಂತ ಹೇಳಿ ಮಾರ. ಅರಿಷಿಣ ಅನಬ್ಯಾಡ."

ಶಾಲೆಯಲ್ಲಿ ಆಮ್ಲಕ್ಕೆ ಕೆಂಪೇರಿದ್ದು ಆ ಬಣ್ಣ, ಅರಿಷಿಣವಲ್ಲ. ಗೆದ್ದೆ ಎಂದು ನಾನು ಬೀಗಬೇಕಾಗಿತ್ತು. ಬೀಗಲು ಆಗಲಿಲ್ಲ. ಅವ್ವ ನನ್ನ ತಲೆ ಹೆಣೆಯುತ್ತ, ಬಾಣಂತಿಯ ಕಣ್ಣೀರು ಹಾಕಿಸಿದಿ, ನಿನ್ನ ಸಾಲಿ ಅಷ್ಟಕ್ಕೇ ಬಂತೇನು ಎಂದಳು. ಕಾಕು ತಿಂಗಳುಗಟ್ಟಲೆ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ಕಾಕಾ ರಿಬ್ಬನ್ನು ತರುವುದು ನಿಂತಿತು. ಆಯಿ ದಿನಾ ಬೆಳಿಗ್ಗೆ ಕುಂಟುತ್ತ ಬಂದು ಅಂಗಡಿಯಲ್ಲಿ ಕೂತು, ಪ್ರತಿ ಚೀಲದ ಪುಡಿಯನ್ನು ಅಂಗೈಯಲ್ಲಿ ಸುಣ್ಣಕ್ಕೆ ತಿಕ್ಕಿ ನೋಡದೆ ಮಾರಗೊಡುತ್ತಿರಲಿಲ್ಲ. ನಾಲ್ಕು ತಿಂಗಳು ನಡೆಯಿತು. ಮಳೆಗಾಲದ ಹೊತ್ತಿಗೆ ಅವಳ ಕಾಲು ಮತ್ತೆ ಹಿಡಿದುಕೊಂಡಿತು, ಹಾಸಿಗೆಯಿಂದ ಏಳಲಾಗಲಿಲ್ಲ. ಅಂಗಡಿಯ ಭಂಡಾರ ಮತ್ತೆ ಹೊಳೆಯತೊಡಗಿತು. ಒಗೆಯುವ ಕಲ್ಲಿನ ನೀರನ್ನು ಈಗ ನಾನೂ ನೋಡುತ್ತಿದ್ದೆ, ಅವ್ವನೂ ನೋಡುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಇದನ್ನು ಬರೆಯುವಾಗ ಇಂದಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ. ಖರೆ ಏನೆಂದು ಗೊತ್ತಾದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ಯಾರು ನನ್ನ ತಲೆಯಲ್ಲಿ ತುಂಬಿದ್ದರೋ.

ಆದರೆ ಕಾಲು ನಡೆಯುತ್ತಿದ್ದ ಆ ನಾಲ್ಕು ತಿಂಗಳಲ್ಲಿ ಒಂದು ದಿನ ಆಯಿ ನನ್ನೊಂದಿಗೆ ಶಾಲೆಗೆ ಬಂದಳು. ವಹಿಯ ಸಂಗತಿ ಅವಳಿಗೆ ನಾನೇ ಹೇಳಿದ್ದೆ. ಸೊಂಟದಲ್ಲಿ ಎಲೆಅಡಿಕೆ ಚೀಲ, ಅದರಲ್ಲಿ ಸುಣ್ಣದ ಡಬ್ಬಿ, ಸೆರಗಿನ ತುದಿಯಲ್ಲಿ ತನ್ನ ಅರಿಷಿಣದ ಗಂಟು. ಸರ್ ಶಿಕ್ಷಕರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದವರು ಎದ್ದು ನಿಂತರು.

"ಸರ್, ನಮ್ಮ ಹುಡುಗಿ ಸುಳ್ಳ ಬರದಿಲ್ರಿ. ಸುಳ್ಳ ನಮ್ಮ ಮನೀದು. ಅಂಗಡಿ ಪುಡಿಯಾಗ ಅರಿಷಿಣಾನ ಇರಲಿಲ್ರಿ. ಆಕಿ ಕಂಡದ್ದು ಖರೆ ಐತಿ."

ಐವತ್ತು ವರ್ಷದ ಮನೆತನದ ಹೆಸರನ್ನು ನಾಲ್ಕು ಜನ ಮಾಸ್ತರರ ಮುಂದೆ ಅವಳು ಹಾಗೆ ನೆಲಕ್ಕೆ ಇಟ್ಟಳು. ನಾನು ಗೋಡೆಗೆ ಆತು ನಿಂತಿದ್ದೆ. ಸರ್ ಕಪ್ಪು ಕೆಳಗಿಟ್ಟರು, ವಹಿ ತಿರುವಿದರು.

"ಇರಬಹುದ್ರಿ ಅಮ್ಮಾರ. ಆದ್ರ ಪರೀಕ್ಷಾದಾಗ ಪುಸ್ತಕದಾಗಿಂದ ಕೇಳತಾರ. ಹುಡುಗಿಗೆ ಪುಸ್ತಕದ್ದ ಬರಿಯಾಕ ಹೇಳ್ರಿ."

"ಬರೀತಾಳ ಬಿಡ್ರಿ. ಈ ಗೀಟ ಅಳಸ್ರಿ ನೀವು."

"ಶಾಯಿ ಐತ್ರಿ, ಅಳಸಾಕ ಬರಂಗಿಲ್ಲ."

"ಹಂಗಾರ ಅದರ ಬಾಜೂಕ ನಂದೂ ಒಂದ ಇರಲಿ."

ಸರ್ ಬೇಡ ಎನ್ನುವಷ್ಟರಲ್ಲಿ ಆಯಿ ಗಂಟು ಬಿಚ್ಚಿ, ಅಂಗೈಯಲ್ಲಿ ಅರಿಷಿಣಕ್ಕೆ ನಾಲ್ಕು ಹನಿ ನೀರು, ಒಂದು ಬೊಟ್ಟು ಸುಣ್ಣ ತಿಕ್ಕಿದಳು. ಹೊಲದ ಕಾಗದಕ್ಕೆ, ರೇಷನ್ ಅಂಗಡಿಯ ವಹಿಗೆ ಒತ್ತುತ್ತಿದ್ದ ಅದೇ ಹೆಬ್ಬೆರಳನ್ನು ಆ ಕೆಂಪಿನಲ್ಲಿ ಅದ್ದಿ, ಸುಳ್ಳು ಎಂಬ ಅಕ್ಷರದ ಪಕ್ಕ ಬಲವಾಗಿ ಒತ್ತಿದಳು. ಓದು ಬಾರದ ಮುದುಕಿ ನನ್ನ ಪರವಾಗಿ ಹಾಕಿದ ಸಾಕ್ಷಿಯ ರುಜು.

ಆ ವಹಿ ಈಗಲೂ ನನ್ನ ಹತ್ತಿರ ಇದೆ. ಸರ್ ಎಳೆದ ಗೀಟು ಅಂದಿನಷ್ಟೇ ಕೆಂಪಗಿದೆ. ಆಯಿಯ ಹೆಬ್ಬೆಟ್ಟು ಮಾತ್ರ ಹಳದಿಗೆ ತಿರುಗಿ ಮಂಕಾಗಿದೆ. ಯಾಕೆಂದು ನನಗೆ ಗೊತ್ತು. ಸುಣ್ಣ ದಿನ ಕಳೆದಂತೆ ಗಾಳಿಯನ್ನು ಹೀರಿಕೊಂಡು ಬಳಪದ ಪುಡಿಯಂತಾಗುತ್ತದೆ, ಆಗ ಅದರಲ್ಲಿ ಕೆಂಪು ಹಿಡಿದಿಡುವ ಕಸುವು ಉಳಿಯುವುದಿಲ್ಲ. ಒಂದು ಹನಿ ಸಬಕಾರದ ನೀರು ಬಿಟ್ಟರೆ ಸಾಕು, ಅವಳ ಬೆರಳು ಮತ್ತೆ ಕೆಂಪಾಗಿ ಎದ್ದು ಬರುತ್ತದೆ. ಕಾಗದ ಜೀರ್ಣವಾಗಿದೆ, ನೀರು ತಾಗಿದರೆ ಹರಿದೀತು. ವರ್ಷಕ್ಕೊಮ್ಮೆ ವಹಿ ತೆಗೆಯುತ್ತೇನೆ, ಬಟ್ಟಲಿನಲ್ಲಿ ಸಬಕಾರ ಕದಡುತ್ತೇನೆ, ಬೆರಳು ಅದ್ದಿಕೊಂಡು ಆ ಗುರುತಿನ ಮೇಲೆ ಹಿಡಿಯುತ್ತೇನೆ. ಹನಿ ಬೀಳುವ ಮುಂಚೆ ಕೈ ಹಿಂದಕ್ಕೆ ಬರುತ್ತದೆ.